ಕೈ ಹಿಡಿದು ನಡೆಸುವುದು ಎಲ್ಲಿಯ ತನಕ?



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪೂಜಾಕ್ರಮದ ಜಿಜ್ಞಾಸೆ, ಮಕ್ಕಳಿಗೆ ಇಡಬೇಕಾದ ಹೆಸರು, ಶರಣರ ಚರಿತ್ರೆಯ ಸಂದೇಹ ಇಂಥವನ್ನು ಹೊತ್ತು ಬರುತ್ತವೆ. ಅವುಗಳಿಗೆ ಉತ್ತರಿಸುವುದು ನಮಗೆ ಕಷ್ಟವಲ್ಲ. ಗ್ರಂಥಗಳು ಕೈಯಳತೆಯಲ್ಲಿವೆ, ಗುರುಗಳು ಹೇಳಿಕೊಟ್ಟದ್ದು ನೆನಪಿನಲ್ಲಿದೆ. ಆದರೆ ಕಳೆದ ವರ್ಷ ಕಾರ್ತಿಕ ಮಾಸದಲ್ಲಿ ಬಂದ ಒಂದು ಪತ್ರಕ್ಕೆ ಯಾವ ಗ್ರಂಥದಲ್ಲಿಯೂ ಸಿದ್ಧ ಉತ್ತರ ದೊರೆಯಲಿಲ್ಲ.

ಪತ್ರ ಬರೆದವರು ನಮ್ಮ ಪತ್ರಿಕೆಯ ಹಳೆಯ ಚಂದಾದಾರರು, ಹನ್ನೆರಡು ಎಕರೆ ಎರೆಭೂಮಿಯುಳ್ಳ ಒಕ್ಕಲು ಮನೆತನದ ಯಜಮಾನರು. ಅವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಹಿರಿಯ ಮಗ ಹೊಲ ನೋಡಿಕೊಳ್ಳುತ್ತಾನೆ. ಕಿರಿಯವನಿಗೆ ಇಪ್ಪತ್ತೊಂದು ವರ್ಷ. ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಮೊದಲು ಇರುಳಿನಲ್ಲಿ ಕಾಣದಾಯಿತು, ಆಮೇಲೆ ಪಕ್ಕದ ನೋಟ ಮುಚ್ಚುತ್ತ ಬಂದಿತು, ಈಗ ಹಗಲು ಇರುಳಿನ ವ್ಯತ್ಯಾಸವಷ್ಟೇ ತಿಳಿಯುತ್ತದೆ. ವೈದ್ಯರು ಇದನ್ನು ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ಗುರುತಿಸಿ, ಹೋದ ದೃಷ್ಟಿ ಮರಳುವುದಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಯಜಮಾನರು ಬರೆದದ್ದರ ಸಾರಾಂಶವಿಷ್ಟು: "ನಾವಿರುವ ತನಕ ನಾವು ನೋಡುತ್ತೇವೆ, ಆಮೇಲೆ ಅವನ ಅಣ್ಣ ತುತ್ತು ಹಾಕುತ್ತಾನೆ. ಮನೆಯಲ್ಲಿ ಜೋಳಕ್ಕೆ ಕೊರತೆಯಿಲ್ಲ. ಆದರೆ ಹುಡುಗ ಮಾತು ಬಿಟ್ಟಿದ್ದಾನೆ. ಅವನ ಮನಸ್ಸಿಗೆ ಸಮಾಧಾನ ಬರುವಂತೆ ದಿನನಿತ್ಯ ಪಠಿಸಲು ಒಂದು ಸ್ತೋತ್ರವನ್ನು ತಿಳಿಸಬೇಕು. ಯಾರೋ ಕುರುಡರ ತರಬೇತಿ ಶಾಲೆಗೆ ಹಾಕಿರೆಂದರು. ಉಣ್ಣಲಿಕ್ಕೆ ಇರುವಾಗ ಮಗನನ್ನು ಅಲ್ಲಿಗೆ ಅಟ್ಟಿದರೆ ಬಂಧುಬಳಗದವರು ಏನೆಂದಾರು?"

ಪತ್ರದ ಕೊನೆಯಲ್ಲಿ ಬೇರೊಂದು ಕೈಬರಹದಲ್ಲಿ ಎರಡು ಸಾಲುಗಳಿದ್ದವು. ಮಗಳು ಬರೆದದ್ದು. "ಅಣ್ಣ ಹೇಳಿ ಬರೆಸಿದ್ದು. ಸ್ತೋತ್ರ ನನಗೆ ಬರುತ್ತದೆ. ನಾನು ಏನು ಕೆಲಸ ಮಾಡಬಹುದು ಎಂಬುದನ್ನು ಕೇಳು ಎಂದಿದ್ದಾನೆ."

ತಂದೆಗೆ ಈ ಎರಡು ಸಾಲು ಗೊತ್ತಿದ್ದವೋ ಇಲ್ಲವೋ ಎಂಬುದು ಆಗ ನಮಗೆ ತಿಳಿಯದು. ನಮ್ಮ ಮನಸ್ಸು ಮಾತ್ರ ಐವತ್ತು ವರ್ಷ ಹಿಂದಕ್ಕೆ ಹೋಯಿತು.

ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲ, 1974ನೆಯ ಇಸವಿ. ನಮಗಾಗ ಹದಿನಾಲ್ಕು ವರ್ಷ. ನಮಗಿಂತ ಮೂರು ವರ್ಷ ಚಿಕ್ಕವನಾದ ಒಬ್ಬ ಹುಟ್ಟುಗುರುಡ ಬಾಲಕನನ್ನು ಅವನ ಸೋದರಮಾವ ತಂದು ಮಠದಲ್ಲಿ ಬಿಟ್ಟುಹೋದ. ಆತನನ್ನು ನೋಡಿಕೊಳ್ಳುವ ಭಾರ ನಮ್ಮ ಮೇಲೆ ಬಿದ್ದಿತು. ಅದನ್ನು ಒಂದು ವ್ರತದಂತೆ ನಡೆಸಿದೆವು. ಬೆಳಿಗ್ಗೆ ಕೈಹಿಡಿದು ಬಾವಿಕಟ್ಟೆಗೆ ಒಯ್ಯುವುದು, ತಲೆಯ ಮೇಲೆ ನೀರು ಹಾಕುವುದು, ಧೋತರ ಉಡಿಸುವುದು, ಪ್ರಸಾದದ ಪಂಕ್ತಿಯಲ್ಲಿ ರೊಟ್ಟಿ ಮುರಿದು ಕೊಡುವುದು, ಉಂಡ ತಾಟು ತೊಳೆದಿಡುವುದು. ಮಠಕ್ಕೆ ಬಂದ ಭಕ್ತರೆಲ್ಲ ನಮ್ಮನ್ನು ಹೊಗಳುವವರೇ. ಹೊಗಳಿಕೆ ನಮಗೆ ರುಚಿಸಿತ್ತೆಂಬುದನ್ನು ಇಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಒಂದು ವರ್ಷ ಕಳೆದ ಮೇಲೆ ನಮಗೆ ವಿಷಮಜ್ವರ ಬಂದು ಎರಡು ವಾರ ಹಾಸಿಗೆ ಹಿಡಿದೆವು. ಆ ಎರಡು ವಾರ ಆ ಬಾಲಕ ಸ್ನಾನ ಮಾಡಲಿಲ್ಲ. ಕರೆಯುವವರಿಲ್ಲದೆ ಮೂರು ದಿನ ಪಂಕ್ತಿಗೂ ಬರಲಿಲ್ಲ. ನೂರು ಹೆಜ್ಜೆ ದೂರದ ಪ್ರಸಾದ ನಿಲಯಕ್ಕೆ ದಾರಿ ಅವನಿಗೆ ಗೊತ್ತಿರಲಿಲ್ಲ. ನಾವು ಗೊತ್ತು ಮಾಡಿಸಿರಲಿಲ್ಲ. ಮಠದ ಹಿರಿಯ ಪೂಜ್ಯರು ನಮ್ಮ ಹಾಸಿಗೆಯ ಹತ್ತಿರ ಬಂದು ಕುಳಿತು, ಸಿಟ್ಟಿಲ್ಲದೆ ಹೇಳಿದರು: "ತಮ್ಮಾ, ನೀ ಅವನ ಕೈ ಹಿಡಿದಿಲ್ಲ, ಕಟ್ಟಿ ಹಾಕೀದಿ." ಮರುವಾರವೇ ಆ ಹುಡುಗನನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕಳಿಸಿಕೊಟ್ಟರು.

ಗದುಗಿನ ಪುಣ್ಯಾಶ್ರಮದ ಹೆಸರನ್ನು ಕೇಳದ ಮನೆ ನಮ್ಮ ಸಮಾಜದಲ್ಲಿ ಇರಲಾರದು. 1995ರಲ್ಲಿ ತೆರೆಕಂಡ ಚಲನಚಿತ್ರದಿಂದಲೂ ಆ ಕಥೆ ಮನೆಮನೆಗೆ ಮುಟ್ಟಿತು. ಅದರ ಸಂಗೀತಕ್ಕೂ ಗಾಯನಕ್ಕೂ ರಾಷ್ಟ್ರಪ್ರಶಸ್ತಿ ಬಂದದ್ದನ್ನು ಅನೇಕರು ಬಲ್ಲರು. ಆದರೂ ನಮ್ಮ ಜನ ಆ ಆಶ್ರಮವನ್ನು ಹೆಚ್ಚಾಗಿ ಒಂದು ಪವಾಡವೆಂಬಂತೆ ನೋಡುತ್ತಾರೆ. ಅದು ಪವಾಡವಲ್ಲ, ಒಂದು ವ್ಯವಸ್ಥೆ ಎಂಬುದೇ ನಮ್ಮ ಇಂದಿನ ಮಾತಿನ ತಿರುಳು.

ಪಂಚಾಕ್ಷರಿ ಗವಾಯಿಗಳು ಜನಿಸಿದ್ದು 1892ರಲ್ಲಿ, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಗದಿಗೆಯ್ಯ ಎಂಬುದು ಮನೆಯವರು ಇಟ್ಟ ಹೆಸರು. ಹುಟ್ಟಿನಿಂದ ಕಣ್ಣಿಲ್ಲ, ಅಣ್ಣ ಗುರುಬಸಯ್ಯನಿಗೂ ಇಲ್ಲ. ಬಡ ಜಂಗಮ ಮನೆತನದಲ್ಲಿ ಎರಡು ಕುರುಡು ಮಕ್ಕಳೆಂದರೆ ಆ ಕಾಲದಲ್ಲಿ ಒಂದೇ ದಾರಿ, ಭಿಕ್ಷೆಯ ಜೋಳಿಗೆ. ಆ ದಾರಿಯನ್ನು ತಿರುಗಿಸಿದವರು ಹಾನಗಲ್ಲ ಕುಮಾರ ಶಿವಯೋಗಿಗಳು. 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಕಟ್ಟಿದ ಆ ಮಹಾನುಭಾವರು ಬಾಲಕರ ಕಂಠವನ್ನು ಕೇಳಿ, ಕಾಣಿಕೆ ಕೊಟ್ಟು ಕಳಿಸಿ ಸುಮ್ಮನಾಗಲಿಲ್ಲ. ಶಿಕ್ಷಣದ ಏರ್ಪಾಡು ಮಾಡಿದರು. ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತವನ್ನು ಕಲಿಸಿದರು. ಮುಂದೆ ನೀಲಕಂಠಬುವಾ ಮಿರಜಕರರಿಂದಲೂ, ಕಿರಾಣಾ ಘರಾಣೆಯ ವಹೀದ್ ಖಾನ್ ಸಾಹೇಬರಿಂದಲೂ ಹಿಂದೂಸ್ತಾನಿ ವಿದ್ಯೆ ದೊರೆಯಿತು. ಜಂಗಮ ವಟುವಿಗೆ ಮುಸಲ್ಮಾನ ಉಸ್ತಾದರು ಗುರುಗಳಾದರು, ಕುಮಾರಸ್ವಾಮಿಗಳಿಗೆ ಅದರಲ್ಲಿ ಯಾವ ಮೈಲಿಗೆಯೂ ಕಾಣಲಿಲ್ಲ. ಕಲಿಸುವವರು ಯಾರು ಎಂಬುದಕ್ಕಿಂತ ಕಲಿತದ್ದು ಪೂರ್ಣವಾಯಿತೇ ಎಂಬುದೇ ಅವರ ಕಾಳಜಿಯಾಗಿತ್ತು.

ವಿದ್ಯೆ ಪೂರ್ಣವಾದ ಮೇಲೆ ಪಂಚಾಕ್ಷರಿ ಗವಾಯಿಗಳು ರಾಜಾಸ್ಥಾನಗಳನ್ನು ಹುಡುಕಿಕೊಂಡು ಹೋಗಬಹುದಾಗಿತ್ತು. ಅದನ್ನು ಬಿಟ್ಟು, ಊರೂರು ಸಂಚರಿಸುತ್ತ ಕುರುಡ, ಕುಂಟ, ಅನಾಥ ಬಾಲಕರನ್ನು ಕೂಡಿಸಿಕೊಂಡರು. ನಡೆದಾಡುವ ಪಾಠಶಾಲೆ ಅದು. ಬೀಡುಬಿಟ್ಟ ಊರಿನಲ್ಲಿ ಭಕ್ತರ ಮನೆಯ ಧಾನ್ಯ, ಗುಡಿಯ ಪೌಳಿಯಲ್ಲಿ ವಸತಿ, ನಸುಕಿನಲ್ಲಿ ಪಾಠ. ಖರ್ಚಿಗೆ ಸಾಲದಾದಾಗ ನಾಟಕ ಕಂಪನಿ ಕಟ್ಟಿದರು. ಮಠದ ಸಂಪರ್ಕದವರು ನಾಟಕ ಆಡಿಸುವುದೇ ಎಂದು ಮೂಗು ಮುರಿದವರಿದ್ದರೆ ಆಶ್ಚರ್ಯವಿಲ್ಲ. ಆದರೆ ನಾಟಕದಿಂದ ಎರಡು ಕೆಲಸವಾಗುತ್ತಿದ್ದವು. ಟಿಕೀಟಿನ ಹಣ ಅನ್ನಕ್ಕಾಯಿತು. ಕಲಿತ ಹುಡುಗರಿಗೆ ಪೇಟಿ, ತಬಲಾ ಹಿಡಿದು ಜನರೆದುರು ಕೂಡ್ರುವ ಅಭ್ಯಾಸವಾಯಿತು. ಕೊನೆಗೆ ಗದುಗಿನಲ್ಲಿ ನೆಲೆನಿಂತು 1944ರಲ್ಲಿ ಲಿಂಗೈಕ್ಯರಾದರು.

ಅವರ ನಂತರ ಆ ಹೊರೆಯನ್ನು ಹೊತ್ತವರು ಅವರ ಶಿಷ್ಯರೇ ಆದ ಪುಟ್ಟರಾಜ ಗವಾಯಿಗಳು. 1914ರಲ್ಲಿ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಜನಿಸಿ, ಹಸುಳೆತನದಲ್ಲಿಯೇ ದೃಷ್ಟಿ ಕಳೆದುಕೊಂಡವರು. 1944ರಿಂದ 2010ರ ಸೆಪ್ಟೆಂಬರಿನಲ್ಲಿ ಲಿಂಗೈಕ್ಯರಾಗುವ ತನಕ ಅರುವತ್ತಾರು ವರ್ಷ ಅವರು ಆಶ್ರಮವನ್ನು ನಡೆಸಿದರು. ಅದೇ 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಭಕ್ತರು ಊರೂರಿನಲ್ಲಿ ಅವರ ತುಲಾಭಾರ ಮಾಡುತ್ತಿದ್ದರು. ತಕ್ಕಡಿಗೆ ಬಿದ್ದದ್ದೆಲ್ಲ ಆಶ್ರಮದ ಮಕ್ಕಳ ಒಲೆಗೆ ಹೋಗುತ್ತಿತ್ತು. ಹೀಗಾಗಿ ತುಲಾಭಾರಕ್ಕೆ ಅವರು ಬೇಡವೆನ್ನುತ್ತಿರಲಿಲ್ಲ. ತಮ್ಮ ಮೈತೂಕವನ್ನು ಮಕ್ಕಳ ಊಟಕ್ಕೆ ಒತ್ತೆಯಿಟ್ಟ ಇನ್ನೊಬ್ಬ ಗುರುವನ್ನು ನಾವು ಕಂಡಿಲ್ಲ.

ಈಗ ವ್ಯವಸ್ಥೆಯ ಮಾತಿಗೆ ಬರೋಣ. ಅಲ್ಲಿ ಕಲಿತವನು ಊರಿಗೆ ಹೋಗಿ ಏನು ಮಾಡುತ್ತಾನೆ? ಉತ್ತರ ಕರ್ನಾಟಕದ ಸದ್ಭಕ್ತರಿಗೆ ಇದನ್ನು ವಿವರಿಸಬೇಕಾಗಿಲ್ಲವಾದರೂ ಬೇರೆಡೆಯ ವಾಚಕರಿಗಾಗಿ ಬರೆಯುತ್ತೇವೆ. ಶ್ರಾವಣ ಬಂದಿತೆಂದರೆ ನಮ್ಮ ಭಾಗದ ಮಠ, ಗುಡಿಗಳಲ್ಲಿ ತಿಂಗಳ ಪರ್ಯಂತ ಪುರಾಣ ಪ್ರವಚನ ನಡೆಯುತ್ತದೆ. ಅದಕ್ಕೆ ಮೂವರು ಬೇಕು. ಪ್ರವಚನ ಹೇಳುವ ಶಾಸ್ತ್ರಿಗಳು, ನಡುನಡುವೆ ಹಾಡುವ ಗವಾಯಿಗಳು, ಸಾಥಿಗೆ ತಬಲಾದವರು. ಇಷ್ಟೇ ಅಲ್ಲದೆ ಜಾತ್ರೆ, ಪುಣ್ಯತಿಥಿ, ಶಿವಾನುಭವ ಗೋಷ್ಠಿ, ನಾಟಕದ ತಾಲೀಮು, ಶಾಲೆಯ ಸಂಗೀತ ಶಿಕ್ಷಕನ ಹುದ್ದೆ, ಮನೆಪಾಠ. ಅಂದರೆ ಆಶ್ರಮ ಕೊಟ್ಟದ್ದು ಬರಿಯ ಕಲೆಯನ್ನಲ್ಲ, ಸಮಾಜಕ್ಕೆ ಬೇಕಾಗಿದ್ದ ಒಂದು ಕಸುಬನ್ನು. ಬೇಡಿಕೆಯಿರುವ ಕಡೆಗೆ ವಿದ್ಯೆಯನ್ನು ತಿರುಗಿಸಿದ್ದು ಅದರ ಗುಟ್ಟು. ಹಾಡಲು ಕಂಠ ಒಲಿಯದವನಿಗೆ ತಬಲಾ, ಅದೂ ಒಲಿಯದವನಿಗೆ ಪೇಟಿ ಅಥವಾ ಪಿಟೀಲು.

ಇನ್ನೊಂದು ಸಂಗತಿಯಿದೆ, ಅದನ್ನು ಜನ ಗಮನಿಸುವುದು ಕಡಿಮೆ. ಆಶ್ರಮದಲ್ಲಿ ಕಣ್ಣಿದ್ದ ಬಡ ಮಕ್ಕಳೂ ಕಲಿಯುತ್ತಾರೆ. ಪಂಡಿತ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. 2016ರಲ್ಲಿ ಪದ್ಮಶ್ರೀ ಪಡೆದ ಪಂಡಿತ ಎಂ. ವೆಂಕಟೇಶಕುಮಾರರು 1968ರಿಂದ ಹಲವು ವರ್ಷ ಪುಟ್ಟರಾಜರ ಬಳಿಯಲ್ಲಿದ್ದು ಕಲಿತವರು. ಇಬ್ಬರಿಗೂ ಕಣ್ಣಿದ್ದವು. ಕಣ್ಣಿದ್ದವನು ಕಣ್ಣಿಲ್ಲದ ಗುರುವಿನ ಮುಂದೆ ಕೈಕಟ್ಟಿ ಕುಳಿತು ಕಲಿಯುವ ಮನೆಯಲ್ಲಿ ಕುರುಡ ಬಾಲಕನಿಗೆ ತಾನು ಕಡಿಮೆ ಎಂಬ ಭಾವ ಎಲ್ಲಿಂದ ಬರಬೇಕು? ಅಲ್ಲಿ ಹಿರಿಯ ಹುಡುಗ ಕಿರಿಯವನಿಗೆ ತೀನ್‌ತಾಲದ ಹದಿನಾರು ಮಾತ್ರೆಗಳನ್ನು ಎಣಿಸಲು ಕಲಿಸುತ್ತಾನೆ. ನಿನ್ನೆ ಕಲಿತದ್ದನ್ನು ಇಂದು ಕಲಿಸಬೇಕು. ಪಡೆಯುವವನು ಬಹುಬೇಗ ಕೊಡುವವನಾಗುತ್ತಾನೆ. ದಾಸೋಹವೆಂಬ ಮಾತಿಗೆ ಅನ್ನದ ಅರ್ಥವನ್ನಷ್ಟೇ ಉಳಿಸಿಕೊಂಡಿರುವ ನಾವು ಇದನ್ನು ನೋಡಿ ಬರಬೇಕು.

ಪಂಕ್ತಿಯಲ್ಲಿ ನಾವು ರೊಟ್ಟಿ ಮುರಿದು ಕೊಡುತ್ತಿದ್ದ ಆ ಬಾಲಕನೇನಾದ? 1978ರ ಶ್ರಾವಣದಲ್ಲಿ ನಮ್ಮ ಮಠದ ಪುರಾಣಕ್ಕೆ ತಬಲಾ ಸಾಥಿಗಾಗಿ ಬಂದವನು ಅವನೇ. ಬಸ್ಸಿನಿಂದ ಇಳಿದವನನ್ನು ಕಂಡು ನಾವು ಓಡಿಹೋಗಿ ಕೈಹಿಡಿದೆವು. ಅವನು ಮೆಲ್ಲಗೆ ಕೈ ಬಿಡಿಸಿಕೊಂಡು, "ಕೈ ಬ್ಯಾಡ್ರಿ ಅಣ್ಣಾರ, ನಿಮ್ಮ ಮೊಣಕೈ ಕೊಡ್ರಿ, ನಾ ಹಿಡಕೊಂಡು ಬರ್ತೀನಿ" ಎಂದನು. ನಮಗೆ ಕ್ಷಣಕಾಲ ಅವಮಾನವಾದಂತಾಯಿತು. ಆಮೇಲೆ ತಿಳಿಯಿತು, ಲೋಕದಲ್ಲೆಲ್ಲ ಅಂಧರನ್ನು ಕರೆದೊಯ್ಯುವ ಸರಿಯಾದ ರೀತಿ ಅದೇ. ಅವರ ಕೈಯನ್ನು ನಾವು ಹಿಡಿದು ಎಳೆಯಬಾರದು. ಅವರು ನಮ್ಮ ಮೊಣಕೈಯ ಮೇಲ್ಭಾಗವನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ. ಮೆಟ್ಟಿಲು ಬಂದರೆ ನಮ್ಮ ಮೈ ಏರುವುದು ಇಳಿಯುವುದು ಅವರಿಗೆ ತಾನಾಗಿ ತಿಳಿಯುತ್ತದೆ. ಬಿಡಬೇಕೆನಿಸಿದಾಗ ಬಿಡುವ ಅಧಿಕಾರ ಅವರದು. ಆ ತಿಂಗಳು ಅವನು ತನ್ನ ತಾಟನ್ನು ತಾನೇ ತೊಳೆದನು. ಮಂಗಲದ ದಿನ ಕೊಟ್ಟ ಸಂಭಾವನೆಯಲ್ಲಿ ಹತ್ತು ರೂಪಾಯಿ ತೆಗೆದು ಮಠದ ಹುಂಡಿಗೆ ಹಾಕಿದಾಗ ಹಿರಿಯ ಪೂಜ್ಯರ ಕಣ್ಣಿನಲ್ಲಿ ನೀರು ಬಂದದ್ದನ್ನು ನಾವು ಕಂಡೆವು.

ಇಷ್ಟೆಲ್ಲ ಬರೆದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ನಮ್ಮ ಮಾತು ಅರ್ಧಸತ್ಯವಾದೀತು. ಕಣ್ಣಿಲ್ಲದವರಿಗೆಲ್ಲ ಸಂಗೀತವೇ ಗತಿ ಎಂಬ ಒಂದು ನಂಬಿಕೆ ನಮ್ಮಲ್ಲಿ ಬೆಳೆದುಬಿಟ್ಟಿದೆ. ಶ್ರುತಿಜ್ಞಾನ ಲವಲೇಶವೂ ಇಲ್ಲದ ಹುಡುಗರನ್ನು ತಬಲಾದ ಮುಂದೆ ವರ್ಷಗಟ್ಟಲೆ ಕೂಡ್ರಿಸಿದ ಉದಾಹರಣೆಗಳನ್ನು ನಾವು ಬಲ್ಲೆವು. ಕಣ್ಣು ಹೋದರೆ ಕಿವಿ ತಾನಾಗಿ ಗಂಧರ್ವವಾಗುವುದಿಲ್ಲ. ಹಾಗೆಯೇ ಕುರ್ಚಿಗೆ ಬೆತ್ತ ಹೆಣೆಯುವುದು, ಮೇಣದ ಬತ್ತಿ ಎರೆಯುವುದು ಇವೇ ಅಂಧರ ಕೈಕೆಲಸಗಳೆಂದು ಅನೇಕ ಶಾಲೆಗಳು ದಶಕಗಳ ಕಾಲ ನಡೆದುಕೊಂಡು ಬಂದವು. ಪ್ಲಾಸ್ಟಿಕ್ ಕುರ್ಚಿ ಬಂದಿತು, ಬೆತ್ತ ಹೆಣೆಯುವವನ ಬೆರಳುಗಳಿಗೆ ಕೆಲಸವಿಲ್ಲವಾಯಿತು. 1990ರ ದಶಕದಲ್ಲಿ ಊರೂರಿನ ಬಸ್‌ಸ್ಟ್ಯಾಂಡಿನಲ್ಲಿ ಅಂಗವಿಕಲರಿಗೆ ಎಸ್.ಟಿ.ಡಿ. ಬೂತು ಕೊಡುತ್ತಿದ್ದರಲ್ಲವೇ? ಎಷ್ಟೋ ಮನೆಗಳು ಅದರಿಂದ ಎದ್ದು ನಿಂತವು. ಮೊಬೈಲು ಬಂದು ಹತ್ತು ವರ್ಷದೊಳಗೆ ಆ ಹಳದಿ ಡಬ್ಬಿಗಳು ಗುಜರಿಗೆ ಹೋದವು. ಒಂದೇ ಕಸುಬನ್ನು ಕಲಿಸಿ ಕೈತೊಳೆದುಕೊಳ್ಳುವ ತರಬೇತಿ ಅರ್ಧ ದಾರಿಯ ತರಬೇತಿ. ಕಸುಬು ಸತ್ತಾಗ ಇನ್ನೊಂದನ್ನು ಕಲಿಯುವ ಸಾಮರ್ಥ್ಯ ಉಳಿಯಬೇಕಾದರೆ ಓದು ಬರಹ ಇರಬೇಕು, ಒಬ್ಬನೇ ನಡೆದಾಡುವ ಧೈರ್ಯವಿರಬೇಕು.

ಓದು ಬರಹದ ಕಥೆ ಕುತೂಹಲಕರವಾದದ್ದು. ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಮೂರು ವರ್ಷದವನಿದ್ದಾಗ, ಕುದುರೆಯ ಜೀನು ಹೊಲಿಯುವ ತಂದೆಯ ಅಂಗಡಿಯಲ್ಲಿ ಆರಿಯೊಡನೆ ಆಡುತ್ತ ಕಣ್ಣಿಗೆ ಚುಚ್ಚಿಕೊಂಡನು. ನಂಜು ಎರಡೂ ಕಣ್ಣುಗಳನ್ನು ತಿಂದಿತು. ಹದಿನೈದನೆಯ ವಯಸ್ಸಿನಲ್ಲಿ, 1824ರ ಹೊತ್ತಿಗೆ, ಅದೇ ರೀತಿ ಚುಚ್ಚಿ ಎಬ್ಬಿಸಿದ ಆರು ಚುಕ್ಕೆಗಳಿಂದ ಅವನು ಲಿಪಿಯೊಂದನ್ನು ಕಟ್ಟಿದನು. ಕಣ್ಣನ್ನು ಕಸಿದ ಆರಿಯ ಮೊನೆಯಂಥದ್ದೇ ಅಕ್ಷರವನ್ನು ಕೊಟ್ಟಿತು. ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ನಿಶ್ಚಯವಾಯಿತು, ಕನ್ನಡವೂ ಅದರಲ್ಲಿದೆ. ಇನ್ನು ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿಗಾಗಿಯೇ ಡೆಹರಾಡೂನಿನಲ್ಲಿ 1950ರಲ್ಲಿ ತರಬೇತಿ ಕೇಂದ್ರವೊಂದು ಆರಂಭವಾಯಿತು. ಅದರ ಮೂಲ 1943ರಲ್ಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ತೆರೆದ ವಸತಿಗೃಹ. ನಮ್ಮ ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಸಮರ್ಥನಂ ಸಂಸ್ಥೆಯ ಸ್ಥಾಪಕರಾದ ಮಹಾಂತೇಶ ಕಿವಡಸಣ್ಣವರ ಅವರು ಸ್ವತಃ ದೃಷ್ಟಿಯಿಲ್ಲದವರು, ಬೆಳಗಾವಿ ಜಿಲ್ಲೆಯವರು. ಇಂಥವರು ಕಟ್ಟಿದ ಸಂಸ್ಥೆಗಳಲ್ಲಿ ದಾನಿಗೂ ದೀನನಿಗೂ ನಡುವಣ ಗೋಡೆ ತೆಳುವಾಗಿರುತ್ತದೆ.

ಇತ್ತೀಚಿನ ಇನ್ನೊಂದು ಸಾಧನವನ್ನು ಹೇಳಲೇಬೇಕು. ಕಂಪ್ಯೂಟರಿನ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶಗಳಿವೆ. ಮೊದಲು ಅವುಗಳ ಬೆಲೆ ಒಂದು ಜೋಡಿ ಎತ್ತಿನ ಬೆಲೆಗೆ ಕಡಿಮೆಯಿರಲಿಲ್ಲ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆಹ್ ಎಂಬ ಇಬ್ಬರು ಅಂಧ ತರುಣರು 2006ರಲ್ಲಿ ಎನ್‌ವಿಡಿಎ ಎಂಬುದನ್ನು ಸಿದ್ಧಪಡಿಸತೊಡಗಿ, ಲೋಕಕ್ಕೆಲ್ಲ ಉಚಿತವಾಗಿ ಹಂಚಿದರು. ಅದನ್ನು ನಡೆಸಲು ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆಯನ್ನು ಕಟ್ಟಿದರು. ಕನ್ನಡವನ್ನೂ ಅದು ಓದುತ್ತದೆ. ಆ ಇಬ್ಬರು ಮೊದಲು ಭೇಟಿಯಾದದ್ದು ಬಾಲ್ಯದಲ್ಲಿ, ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ! ಸಂಗೀತ ಶಿಬಿರಕ್ಕೆ ಹೋದ ಮಕ್ಕಳು ಗಣಕಯಂತ್ರವನ್ನು ಆರಿಸಿಕೊಂಡರು. ಯಾರೂ ತಡೆಯಲಿಲ್ಲವೆಂಬುದು ನಮಗೆ ಮುಖ್ಯವಾಗಿ ತೋರುತ್ತದೆ.

ಪತ್ರ ಬರೆದ ಯಜಮಾನರಿಗೆ ನಾವು ಉತ್ತರವನ್ನು ಅಂಚೆಯಲ್ಲಿ ಕಳಿಸಲಿಲ್ಲ. ಬಸ್ಸು ಹತ್ತಿ ಅವರ ಮನೆಗೇ ಹೋದೆವು. ತಾಯಿಯವರು ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಹುಡುಗ ಒಳಗಿನ ಕೋಣೆಯಲ್ಲಿದ್ದ. ಅವನ ರೊಟ್ಟಿಯನ್ನು ತಾಯಿ ಮುರಿದು ಕೊಡುತ್ತಿದ್ದುದನ್ನು ನೋಡಿ ನಮಗೆ ಉಣ್ಣುವುದು ಕಷ್ಟವಾಯಿತು.

ತಂದೆಯೊಡನೆ ನಡೆದ ಮಾತು ಸುಲಭದ್ದಾಗಿರಲಿಲ್ಲ. "ಹೆತ್ತ ಮಗನಿಗೆ ಅನ್ನ ಹಾಕೂದು ತಪ್ಪೇನ್ರಿ ಶಾಸ್ತ್ರಿಗಳ?" ಎಂದು ಅವರು ಕೇಳಿದರು. ತಪ್ಪಲ್ಲವೆಂದೆವು. ನುಲಿಯ ಚಂದಯ್ಯ ಶರಣರ ಕಥೆಯನ್ನು ನೆನಪಿಸಿದೆವು. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ಆ ಶರಣರು ಕಾಯಕದಲ್ಲಿ ಕೊರಳ ಲಿಂಗಕ್ಕೂ ವಿನಾಯಿತಿ ಕೊಡಲಿಲ್ಲವೆಂದು ಪರಂಪರೆ ಹೇಳುತ್ತದೆ. ಲಿಂಗಕ್ಕೇ ಕಾಯಕ ಬೇಕೆಂದ ಸಮಾಜದಲ್ಲಿ, ಕಣ್ಣು ಹೋಯಿತೆಂಬ ಕಾರಣಕ್ಕೆ ಇಪ್ಪತ್ತೊಂದು ವರ್ಷದ ತರುಣನ ಕಾಯಕವನ್ನು ಕಸಿಯುವ ಅಧಿಕಾರ ತಂದೆಗೆ ಎಲ್ಲಿಂದ ಬಂದಿತು ಎಂದು ಕೇಳಿದೆವು. ಮಾತು ಸ್ವಲ್ಪ ಕಟುವಾಯಿತು. ಅವರು ಎದ್ದು ಹೊರಗೆ ಹೋಗಿ ದನಗಳಿಗೆ ಮೇವು ಹಾಕಿ ಬಂದರು. ಬಂದವರು ಅಂದದ್ದು ಬೇರೆಯೇ ಮಾತು: "ಬಸ್ಸಿನ್ಯಾಗ ಬಿದ್ರ, ಯಾರರ ಮೋಸಾ ಮಾಡಿದ್ರ?" ಬಂಧುಬಳಗದ ಮಾತು ಬರಿಯ ನೆವವಾಗಿತ್ತು. ನಿಜವಾದದ್ದು ಭಯ. ಆ ಭಯಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಗ ಬೀಳಲೂಬಹುದು.

ಆಗ ಒಳಗಿನ ಕೋಣೆಯಿಂದ ಹುಡುಗ ಮಾತನಾಡಿದನು. "ಅಪ್ಪಾ, ಮನ್ಯಾಗೂ ನಾ ನಾಕ ಸಲ ಬಿದ್ದೀನಿ." ತಿಂಗಳುಗಳ ಮೇಲೆ ಆಡಿದ ಮೊದಲ ಉದ್ದ ಮಾತು ಅದೆಂದು ತಾಯಿಯವರು ಆಮೇಲೆ ಹೇಳಿದರು.

ಮುಂದಿನ ಸಂಗತಿಗಳನ್ನು ಸಂಕ್ಷೇಪವಾಗಿ ಬರೆಯುತ್ತೇವೆ. ಇಂಥ ಸ್ಥಿತಿಯಲ್ಲಿರುವ ಬೇರೆ ಮನೆಗಳಿಗೂ ಉಪಯೋಗವಾದೀತು. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಯುಡಿಐಡಿ ಕಾರ್ಡು ಮಾಡಿಸಿದರು. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವೆಂದು ಪ್ರಮಾಣಿತವಾದವರಿಗೆ 2016ರ ಕಾಯಿದೆಯ ಪ್ರಕಾರ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 4ರಷ್ಟು ಮೀಸಲಾತಿಯಿದೆ. ಅದರಲ್ಲಿ ಶೇಕಡಾ 1 ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ. ಆಮೇಲೆ ಧರ್ಮಾರ್ಥವಾಗಿ ನಡೆಯುವ ಒಂದು ತರಬೇತಿ ಕೇಂದ್ರಕ್ಕೆ ಸೇರಿದನು. ಮೂರು ತಿಂಗಳು ನೋಡೋಣ, ಒಗ್ಗದಿದ್ದರೆ ಕರೆತರುತ್ತೇವೆ ಎಂಬುದು ತಂದೆಯ ಕರಾರು. ಅಲ್ಲಿ ಮೊದಲು ಕಲಿಸಿದ್ದು ಕಂಪ್ಯೂಟರನ್ನಲ್ಲ. ಬಿಳಿ ಕೋಲು ಹಿಡಿದು ನಡೆಯುವುದನ್ನು, ನೋಟುಗಳನ್ನು ಅಳತೆಯಿಂದ ಗುರುತಿಸುವುದನ್ನು, ಚಹಾ ಮಾಡಿ ಚೆಲ್ಲದೆ ಬಸಿಯುವುದನ್ನು. ಮೊದಲ ತಿಂಗಳು ದಿನಾಲು ಫೋನು ಮಾಡಿ ಕರೆದುಕೊಂಡು ಹೋಗಿರೆಂದು ಅತ್ತನಂತೆ. ತಾಯಿ ಎರಡು ಸಲ ಚೀಲ ಹಿಡಿದು ಹೊರಟುನಿಂತರು. ತಡೆದವನು, ಆಶ್ಚರ್ಯವೆಂದರೆ, ತುತ್ತು ಹಾಕುತ್ತೇನೆಂದಿದ್ದ ಅಣ್ಣನೇ.

ನಡುವೆ ಒಂದು ಮಾತು. ಈ ಜಾತಿಯ ಕಣ್ಣಿನ ರೋಗ ವಂಶವಾಹಿ. ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ತರುವುದು ಮುಂತಾದ ಒಳಸಂಬಂಧಗಳಲ್ಲಿ ಇಂಥವು ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಹೊಲ ಮನೆ ಹೊರಗೆ ಹೋಗಬಾರದೆಂದು ಮಾಡುವ ಮದುವೆಗಳ ಬೆಲೆಯನ್ನು ಮಕ್ಕಳು ತೆರುತ್ತಾರೆ. ಮಗಳ ಮದುವೆಯ ಮಾತು ಆ ಮನೆಯಲ್ಲಿ ಈಗ ನಡೆಯುತ್ತಿರುವುದರಿಂದ ಅವರಿಗೂ ಇದನ್ನು ಹೇಳಿಬಂದಿದ್ದೇವೆ.

ಹುಡುಗನಿಗೆ ನೌಕರಿ ಇನ್ನೂ ಆಗಿಲ್ಲ. ಬ್ಯಾಂಕಿನ ಪರೀಕ್ಷೆಯೊಂದನ್ನು ಬರೆದು ಕೆಲವು ಅಂಕಗಳಿಂದ ತಪ್ಪಿಸಿಕೊಂಡನು, ಮತ್ತೆ ಬರೆಯುತ್ತಾನೆ. ಬಿಟ್ಟ ಬಿ.ಎ.ಯನ್ನು ಮುಗಿಸಿಕೊಳ್ಳುತ್ತಿದ್ದಾನೆ. ಅದುವರೆಗೆ ಅದೇ ಕೇಂದ್ರದಲ್ಲಿ ಹೊಸದಾಗಿ ಬಂದವರಿಗೆ ಕೋಲು ಹಿಡಿದು ನಡೆಯುವುದನ್ನು ಕಲಿಸುವ ಕೆಲಸಕ್ಕೆ ಇರಿಸಿಕೊಂಡಿದ್ದಾರೆ. ಸಂಬಳ ಹೆಚ್ಚಿಲ್ಲ. ಆದರೆ ಸಕ್ಕರೆ ಕಾಯಿಲೆಯಿಂದ ಐವತ್ತನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು ಬಂದ ಒಬ್ಬ ಗೃಹಸ್ಥರು, ಕಣ್ಣಿದ್ದ ಶಿಕ್ಷಕರ ಮಾತನ್ನು ಕೇಳದೆ ಇವನ ಮಾತನ್ನಷ್ಟೇ ಕೇಳುತ್ತಿದ್ದರೆಂದು ಕೇಂದ್ರದವರು ನಮಗೆ ತಿಳಿಸಿದರು. ಅವನು ಮೊದಲ ಪಗಾರದಲ್ಲಿ ತಾಯಿಗೆ ಒಂದು ಇಳಕಲ್ಲ ಸೀರೆ ತಂದನು. ಬಣ್ಣವನ್ನು ತಂಗಿಯನ್ನು ಫೋನಿನಲ್ಲಿ ಕೇಳಿ ಆರಿಸಿದ್ದು.

ಕಳೆದ ತಿಂಗಳು ಅವನಿಂದ ನಮಗೊಂದು ಪತ್ರ ಬಂದಿತು. ಈ ಬಾರಿ ಬರೆದವರು ತಂದೆಯೂ ಅಲ್ಲ, ತಂಗಿಯೂ ಅಲ್ಲ. ತಾನೇ ಟೈಪು ಮಾಡಿ, ಮುದ್ರಿಸಿ ಕಳಿಸಿದ್ದಾನೆ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪುಗಳಿವೆ. ಕುಶಲ ಪ್ರಶ್ನೆಗಳಾದ ಮೇಲೆ ಒಂದು ದೂರು. ನಮ್ಮ ಪತ್ರಿಕೆಯನ್ನು ತಂಗಿ ಓದಿ ಹೇಳುತ್ತಿದ್ದಳಂತೆ. ಈಗ ತಾನಿರುವ ಊರಿನಲ್ಲಿ ಓದುವವರಿಲ್ಲ. ಕಾರ್ಯಾಲಯಕ್ಕೆ ಕೇಳಿದಾಗ ಕಂಪ್ಯೂಟರಿನಲ್ಲಿ ಕಳಿಸಿದರಂತೆ, ಆದರೆ ನಾವು ಬಳಸುವುದು ಹಳೆಯ ಕಾಲದ ಅಕ್ಷರ ಜೋಡಣೆಯಾದ್ದರಿಂದ ಅವನ ಯಂತ್ರ ಅದನ್ನು ಕನ್ನಡವೆಂದು ಗುರುತಿಸದೆ ಬರಿಯ ಇಂಗ್ಲಿಷ್ ಅಕ್ಷರಗಳ ಗೊಂದಲವನ್ನು ಓದಿತಂತೆ. "ಯೂನಿಕೋಡಿನಲ್ಲಿ ಕಳಿಸಿದರೆ ನಾನೇ ಓದಿಕೊಳ್ಳುತ್ತೇನೆ. ಚಂದಾ ಹಣವನ್ನು ನಾನೇ ತುಂಬುತ್ತೇನೆ, ಅಪ್ಪನ ಹೆಸರಿನದು ಬೇರೆ ಇರಲಿ" ಎಂದು ಬರೆದಿದ್ದಾನೆ.

ಅಂಧರ ವಿಷಯವಾಗಿ ಇಷ್ಟು ಪುಟ ಬರೆದ ನಮ್ಮ ಈ ಅಂಕಣವನ್ನು ಒಬ್ಬ ಅಂಧನೂ ತಾನಾಗಿ ಓದಲಾರನೆಂಬುದು ಈ ಪತ್ರ ಬರುವ ತನಕ ನಮಗೆ ಹೊಳೆದಿರಲಿಲ್ಲ. ಪತ್ರವನ್ನು ಸಂಪಾದಕರ ಮುಂದಿಟ್ಟಿದ್ದೇವೆ. ಮುದ್ರಣಾಲಯದವರು ಬರುವ ಸಂಚಿಕೆಯ ಹೊತ್ತಿಗೆ ನೋಡುತ್ತೇವೆ ಎಂದಿದ್ದಾರೆ. ಈ ತಿಂಗಳ ಮಟ್ಟಿಗೆ ನಾವೇ ಅವನಿಗೆ ಫೋನು ಮಾಡಿ ಓದಿ ಹೇಳುವುದೆಂದು ಆಗಿದೆ.